ಹದಿನಾರನೆಯ ಕಿಟಕಿ

ನಮ್ಮೂರಿನಲ್ಲಿ ಒಂದು ಮನೆಯ ಕಿಟಕಿಗಳನ್ನೆಲ್ಲ ಒಟ್ಟಿಗೆ ಮುಚ್ಚಿದರೆ ಆ ಮನೆ ನಿಂತುಬಿಡುತ್ತದೆ. ಉಕ್ಕಲಿದ್ದ ಹಾಲು ಪಾತ್ರೆಯ ಅಂಚಿನಲ್ಲೇ ನಿಲ್ಲುತ್ತದೆ. ಸೀನಲು ಬಾಯಿ ತೆರೆದವರು ಹಾಗೆಯೇ ಇರುತ್ತಾರೆ. ಯಾವುದಾದರೂ ಒಂದು ಕಿಟಕಿ ತೆರೆದ ಕೂಡಲೇ ಹಾಲು ಉಕ್ಕುತ್ತದೆ, ಸೀನು ಬರುತ್ತದೆ. ಒಳಗಿದ್ದವರಿಗೆ ನಡುವೆ ಏನೂ ಆಗಿರುವುದಿಲ್ಲ. ಬಾಗಿಲು ಲೆಕ್ಕಕ್ಕಿಲ್ಲ. ನಿಂತ ಮನೆಯ ಬಾಗಿಲು ದೂಡಿ ಒಳಗೆ ಕಾಲಿಟ್ಟವರು ಹೊಸ್ತಿಲು ದಾಟುತ್ತಲೇ ತಾವೂ ನಿಲ್ಲುತ್ತಾರೆ.

ಹಾಗಾಗಿ ಪ್ರತಿ ಮನೆಯ ಒಂದು ಕಿಟಕಿಯ ಸಂದಿಯಲ್ಲಿ ಸದಾ ಒಂದು ಕಲ್ಲು ಇರುತ್ತದೆ. ಚಳಿಗಾಲದಲ್ಲಿ ಆ ಕಿಟಕಿಯ ಪಕ್ಕ ಯಾರು ಮಲಗಬೇಕೆಂಬುದು ಅಣ್ಣತಮ್ಮಂದಿರ ಜಗಳ. ಹೂವು, ಹಣ್ಣು ಕೆಡದಿರಲೆಂದು ಮದುವೆ ಮನೆಯವರು ಒಂಟಿ ಕೋಣೆಯ ಉಗ್ರಾಣ ಕಟ್ಟಿಸುತ್ತಾರೆ. ಜ್ವರ ಏರಿದವರಿದ್ದರೆ ಡಾಕ್ಟರು ಬರುವವರೆಗೆ ಮನೆ ಮುಚ್ಚುತ್ತಾರೆ. ಇದಕ್ಕೆಲ್ಲ ಎರಡು ನಿಯಮಗಳಿವೆ. ಕೊನೆಯ ಕಿಟಕಿಯನ್ನು ಮುಚ್ಚುವ ಮುನ್ನ ಒಳಗಿರುವವರಿಗೆ ಕೇಳುವಂತೆ 'ಮುಚ್ಚಲೇನ್ರಿ?' ಎಂದು ಕೇಳಬೇಕು. ಒಬ್ಬರು ಬೇಡವೆಂದರೂ ಮುಚ್ಚಬಾರದು. ಮತ್ತು ಮುಚ್ಚಿದವರೇ ತೆರೆಯಬೇಕು. ಈ ನಿಯಮಗಳನ್ನು ಯಾರೂ ಬರೆದಿಟ್ಟಿಲ್ಲ. ಬೇಕೆಂದು ಮುರಿದವರನ್ನು ನಾನು ಕಂಡಿಲ್ಲ.

ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ರಜೆಗೆಂದು ಬಂದು ನಮ್ಮ ಉಗ್ರಾಣದಲ್ಲಿ ಗಡಿಯಾರವಿಟ್ಟು ಅಳತೆ ಮಾಡಿದ್ದೆ. ಎಷ್ಟು ಹೊತ್ತು ಮುಚ್ಚಿದ್ದೆನೋ ಗಡಿಯಾರ ಸೆಕೆಂಡು ತಪ್ಪದೆ ಅಷ್ಟೇ ಹಿಂದಿತ್ತು. ಹನ್ನೊಂದು ಸಲ ಮಾಡಿದೆ. ನನ್ನ ಪ್ರಾಧ್ಯಾಪಕರು ಪಟ್ಟಿಯನ್ನು ನೋಡಿ, ಗಡಿಯಾರ ರಿಪೇರಿ ಮಾಡಿಸಮ್ಮ ಎಂದರು. ಆಮೇಲೆ ನಾನು ಪ್ರೋಗ್ರಾಂ ಬರೆಯುವುದನ್ನು ಕಲಿತೆ, ಊರಿಗೆ ಮರಳಿದೆ. ಅಂಗಡಿಗಳಿಗೆ, ಸಹಕಾರಿ ಸಂಘಕ್ಕೆ, ಗ್ರಂಥಾಲಯಕ್ಕೆ ಬೇಕಾದ ಪ್ರೋಗ್ರಾಂಗಳನ್ನು ಬರೆದುಕೊಟ್ಟು ಬದುಕುತ್ತಿದ್ದೆ. ಊರವರು ನನ್ನನ್ನು ಕಂಪ್ಯೂಟರ್ ಅಕ್ಕಾರು ಎನ್ನುತ್ತಾರೆ.

ಗುರುಪಾದಪ್ಪ ಸಾಹುಕಾರರ ಹೊಲಿಗೆ ಶೆಡ್ಡು ಊರ ನಡುವೆ, ಬಾವಿಯ ಎದುರಿಗಿದೆ. ನಲವತ್ತು ಹೆಂಗಸರು ಅಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾರೆ. ಹದಿನಾರು ಕಿಟಕಿಗಳು. ಆ ವರ್ಷ ದಿನಾ ಹನ್ನೊಂದರಿಂದ ಎರಡರ ತನಕ ಕರೆಂಟು ತೆಗೆಯತೊಡಗಿದಾಗ ಮಿಷಿನ್ನುಗಳು ಸುಮ್ಮನಾದವು, ಹೆಂಗಸರು ಮಾತಿಗೆ ಕುಳಿತರು. ಕೆಲಸವಿಲ್ಲದ ಆ ಮೂರು ತಾಸು ಶೆಡ್ಡನ್ನೇ ನಿಲ್ಲಿಸಿಬಿಟ್ಟರೆ ಎಂದು ಸಾಹುಕಾರರಿಗೆ ಹೊಳೆಯಿತು. ಹನ್ನೊಂದಕ್ಕೆ ನಿಂತವರು ಎರಡಕ್ಕೆ ಎಚ್ಚರಾಗುತ್ತಾರೆ. ಅವರಿಗೂ ದಣಿವಿಲ್ಲ, ತಮಗೂ ಮೂರು ತಾಸಿನ ಕೂಲಿಯಿಲ್ಲ. ಕೆಲವರಿಗೆ ಇದು ಒಪ್ಪಿಗೆಯೂ ಆಗಿತ್ತು. ಮನೆಯಲ್ಲಿ ಕಾಯುವವರಿಲ್ಲದವರಿಗೆ ದಿನ ಬೇಗ ಮುಗಿದಂತಾಗುತ್ತಿತ್ತು.

ಕಿಟಕಿ ಮುಚ್ಚುವ ಕೆಲಸ ಕಟಿಂಗ್ ಮಾಸ್ತರ ದಸ್ತಗೀರರದು. ಅವರು ಹೊರಗಿನಿಂದ ಹದಿನೈದು ಕಿಟಕಿ ಮುಚ್ಚಿ, ಕೊನೆಯದರ ಬಳಿ ನಿಂತು ಕೇಳುತ್ತಿದ್ದರು. ಪ್ರತಿದಿನವೂ ಒಳಗಿನಿಂದ ಒಂದೇ ದನಿ ಬೇಡವೆನ್ನುತ್ತಿತ್ತು. ಅದು ಹನಮವ್ವನದು. ಅವಳಿಗೆ ನಾಲ್ಕು ತಿಂಗಳ ಮಗಳಿದ್ದಳು. ಹನ್ನೆರಡೂವರೆಗೆ ಅವಳ ಅತ್ತೆ ನೀಲವ್ವ ಕೂಸನ್ನು ಎತ್ತಿಕೊಂಡು ಬಂದು ಬಾವಿಕಡೆಯ ಕಿಟಕಿಯಿಂದ ಒಳಗೆ ಕೊಡುತ್ತಿದ್ದಳು, ಹಾಲು ಕುಡಿಸಿ ಆದ ಮೇಲೆ ಅದೇ ಕಿಟಕಿಯಿಂದ ಹಿಂದೆ ಪಡೆಯುತ್ತಿದ್ದಳು. ಮಾಸ್ತರರು ಹದಿನೈದು ಕಿಟಕಿಗಳನ್ನು ಮತ್ತೆ ತೆರೆದು ಬೀಡಿ ಹಚ್ಚುತ್ತಿದ್ದರು.

ಸಾಹುಕಾರರು ನನ್ನನ್ನು ಕರೆಸಿದರು.

"ಮಾಸ್ತರಗ ದಾಕ್ಷಿಣ್ಯ ಭಾಳ ಐತಿ ತಂಗಿ," ಎಂದರು. "ಆಕಿ ಮಾರಿ ನೋಡಿದ ಕೂಡ್ಲೆ ಕೈ ಬಿಡತಾನ. ನಿನ್ನ ಕಂಪ್ಯೂಟರಿಗೆ ಮಾರಿ ಕಾಣಂಗಿಲ್ಲಲ್ಲ?"

ಕೇಳದೆ ಮುಚ್ಚುವ ಪ್ರೋಗ್ರಾಂ ಬರೆಯುವುದಿಲ್ಲ ಎಂದೆ. ಕೇಳಲಿ, ಯಾರು ಬೇಡವೆಂದರು ಎನ್ನುವುದು ಹೆಸರು ಸಮೇತ ತಮ್ಮ ಪರದೆ ಮೇಲೆ ಬರಲಿ, ಅಷ್ಟು ಸಾಕು ಎಂದರು. ಹೆಸರು ಕಂಡರೆ ಬೇಡ ಎನ್ನುವವರು ಕಡಿಮೆಯಾಗುತ್ತಾರೆಂದು ಅವರ ಲೆಕ್ಕ. ನನಗದು ಗೊತ್ತಿತ್ತು. ಗೊತ್ತಿದ್ದೂ ಒಪ್ಪಿದೆ. ಕೆಲಸದಲ್ಲಿ ಒಂದು ಅಂದವಿತ್ತು. ಆ ಅಂದಕ್ಕೆ ಸೋತೆ.

ಕಿಟಕಿಗಳಿಗೆ ಕಬ್ಬಿಣದ ಷಟರು, ಮೋಟಾರು ಬಂದವು. ಪ್ರತಿ ಮೇಜಿನ ಕೆಳಗೆ ಒಂದು ಗುಂಡಿ: ಒತ್ತಿದರೆ ಬೇಡ ಎಂದು ಅರ್ಥ. ಕಂಪ್ಯೂಟರನ್ನು ಶೆಡ್ಡಿನ ಹೊರಗೆ, ತನ್ನದೇ ಕಿಟಕಿಯೂ ಕಲ್ಲೂ ಇರುವ ಸಣ್ಣ ಕೋಣೆಯಲ್ಲಿ ಇಟ್ಟೆವು; ಒಳಗಿದ್ದರೆ ಅದೂ ನಿಲ್ಲುತ್ತಿತ್ತು. ಕರೆಂಟು ಹೋದಾಗ ಅದೂ ಮೋಟಾರುಗಳೂ ಬ್ಯಾಟರಿಯಲ್ಲಿ ನಡೆಯಬೇಕು. 'ಮುಚ್ಚಲೇನ್ರಿ?' ಎಂಬ ಪ್ರಶ್ನೆಯನ್ನು ನನ್ನದೇ ದನಿಯಲ್ಲಿ ರೆಕಾರ್ಡು ಮಾಡಿ ಶೆಡ್ಡಿನೊಳಗಿನ ಸ್ಪೀಕರಿಗೆ ಕೊಟ್ಟೆ. ದಿನಾ ಹನ್ನೊಂದಕ್ಕೆ ಕೇಳುವುದು, ಅರ್ಧ ನಿಮಿಷ ಕಾಯುವುದು, ಯಾರೂ ಗುಂಡಿ ಒತ್ತದಿದ್ದರೆ ಮುಚ್ಚುವುದು, ಮೂರು ತಾಸಿನ ಮೇಲೆ ತೆರೆಯುವುದು. ಆರು ಸಲ ಪರೀಕ್ಷಿಸಿದೆ. ಆರು ಸಲವೂ ಹನಮವ್ವ ನಕ್ಕು ಗುಂಡಿ ಒತ್ತಿದಳು, ಆರು ಸಲವೂ ಷಟರುಗಳು ಅಲುಗಲಿಲ್ಲ. ನೆಮ್ಮದಿಯಿಂದ ಮರುದಿನ ಬೆಳಿಗ್ಗೆ ಗ್ರಂಥಾಲಯದ ಕೆಲಸಕ್ಕೆಂದು ಪಕ್ಕದ ಪಟ್ಟಣಕ್ಕೆ ಹೊರಟುಹೋದೆ.

ಆರು ಸಲವೂ ಕರೆಂಟು ಇದ್ದಾಗಲೇ ಪರೀಕ್ಷಿಸಿದ್ದೆ. ಬ್ಯಾಟರಿ ಸಾಲದೆಂದು ಸ್ಪೀಕರನ್ನೂ ಗುಂಡಿಗಳನ್ನೂ ನಾನೇ ಗೋಡೆಯ ಕರೆಂಟಿಗೆ ಜೋಡಿಸಿದ್ದೆ. ಆ ದಿನ ಹನ್ನೊಂದಕ್ಕೆ ಕರೆಂಟು ಹೋಯಿತು. ಪ್ರೋಗ್ರಾಂ ಕೇಳಿತು, ಶೆಡ್ಡಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅರ್ಧ ನಿಮಿಷ ಯಾರೂ ಏನೂ ಹೇಳಲಿಲ್ಲ. ಮೌನವನ್ನು ಅದು ಒಪ್ಪಿಗೆಯೆಂದು ತಿಳಿಯಿತು, ಏಕೆಂದರೆ ನಾನು ಹಾಗೆ ಬರೆದಿದ್ದೆ. ಹದಿನಾರು ಷಟರುಗಳು ಇಳಿದವು.

ಇನ್ನೊಂದು ತಪ್ಪೂ ಇತ್ತು. ಪ್ರೋಗ್ರಾಮಿಗೂ ಹುಟ್ಟು, ಎಚ್ಚರ, ಮಂಪರು, ಸಾವು ಎಂಬುದಿದೆ. ಒಂದೊಂದು ಘಟ್ಟದಲ್ಲೂ ಕಂಪ್ಯೂಟರು ಅದಕ್ಕೆ ಸುದ್ದಿ ಕೊಡುತ್ತದೆ: ಈಗ ಶುರುವಾಗಿದ್ದೀಯ, ಈಗ ನಿನ್ನ ಕಿಟಕಿ ಮುಚ್ಚಲಿದ್ದಾರೆ, ಇನ್ನು ನೀನು ಇರುವುದಿಲ್ಲ, ಹೇಳುವುದಿದ್ದರೆ ಹೇಳು, ಬರೆದಿಡುವುದಿದ್ದರೆ ಬರೆದಿಡು. ಆ ಸುದ್ದಿ ಬಂದಾಗ ಏನು ಮಾಡಬೇಕೆಂದು ಬರೆದವರು ಮೊದಲೇ ಹೇಳಿಟ್ಟಿರಬೇಕು. ನಾನು ಹೇಳಿರಲಿಲ್ಲ. ಒಂದೂವರೆಗೆ ಬ್ಯಾಟರಿ ತೀರಿ ಕಂಪ್ಯೂಟರು ಮಲಗಿತು. ಎರಡಕ್ಕೆ ಕರೆಂಟು ಬಂದಾಗ ಪ್ರೋಗ್ರಾಂ ಹೊಸದಾಗಿ ಹುಟ್ಟಿತು. ತಾನು ಮುಚ್ಚಿದ್ದೆಂಬುದಾಗಲಿ, ದಿನಾ ಹನ್ನೊಂದಕ್ಕೆ ಕೇಳಬೇಕೆಂಬುದಾಗಲಿ ಅದಕ್ಕೆ ನೆನಪಿರಲಿಲ್ಲ. ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ 'ಎಲ್ಲ ಕಿಟಕಿಗಳೂ ತೆರೆದಿವೆ' ಎಂದು ತೋರಿಸುತ್ತ ಕುಳಿತಿತ್ತು.

ನಾನು ಮರಳಿದ್ದು ನಾಲ್ಕು ದಿನಗಳ ಮೇಲೆ; ಎಲ್ಲಿಗೆಂದು ಯಾರಿಗೂ ಹೇಳಿ ಹೋಗಿರಲಿಲ್ಲ. ಬಸ್ಸು ಇಳಿಯುತ್ತಿದ್ದಂತೆ ಶೆಡ್ಡಿನ ಮುಂದೆ ಜನ ಕುಳಿತಿರುವುದು ಕಂಡಿತು. ಗಂಡಂದಿರು, ತಾಯಂದಿರು, ಬುತ್ತಿ ಹಿಡಿದವರು. ಅಳುತ್ತಿದ್ದವರು ಯಾರೂ ಇರಲಿಲ್ಲ. ಅಳು ಮೊದಲ ದಿನವೇ ಮುಗಿದಿತ್ತು. ಷಟರು ಒಡೆಯಲು ಗಡಾರಿ ತಂದವರಿದ್ದರು, ಆದರೆ ಮುಚ್ಚಿದವರು ಯಾರೆಂಬುದು ತೀರ್ಮಾನವಾಗಿರಲಿಲ್ಲ. ಸಾಹುಕಾರರು, ನಾನಂತೂ ಮುಚ್ಚಿಲ್ಲ, ಕಂಪ್ಯೂಟರು ಮುಚ್ಚಿದೆ ಎಂದಿದ್ದರು. ಅದು ತೆರೆದಿವೆ ಎನ್ನುತ್ತಿತ್ತು. ಪರದೆಯ ಮೇಲಿನ ತೆರೆಯುವ ಗುಂಡಿ ಒತ್ತಿದರೆ, ತೆರೆದೇ ಇವೆಯಲ್ಲ ಎಂದು ಸುಮ್ಮನಿರುತ್ತಿತ್ತು. ಮೊದಲು ಮುಚ್ಚುವ ಗುಂಡಿ ಒತ್ತಿ ಆಮೇಲೆ ತೆರೆಯುವುದನ್ನು ಒತ್ತಿದ್ದರೆ ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಒಳಗಿನವರನ್ನು ಕೇಳದೆ ಮುಚ್ಚುವ ಗುಂಡಿಗೆ ಬೆರಳಿಡುವುದು ನಮ್ಮೂರಿನವರಿಗೆ ಹೊಳೆಯುವ ಸಂಗತಿಯೇ ಅಲ್ಲ.

ನೀಲವ್ವ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾವಿಕಡೆಯ ಕಿಟಕಿಯ ಕೆಳಗೆ ಕುಳಿತಿದ್ದಳು. ಪಕ್ಕದಲ್ಲಿ ಆಡಿನ ಹಾಲಿನ ತಂಬಿಗೆ, ಕೂಸಿಗೆ ಹಾಲು ಹಾಕುವ ಒಂದು ಒಳಲೆ.

"ಯಾರು ಮುಚ್ಯಾರ ಅಕ್ಕಾರ?" ಎಂದು ಕೇಳಿದಳು.

"ನಾನು," ಎಂದೆ. ಹಾಗೆ ಹೇಳಿದ ಮೇಲೆ ಕೋಣೆಗೆ ಹೋಗಿ ತೆರೆಯುವುದು ಸುಲಭವಾಯಿತು.

ಒಳಗಿನವರು ಕರೆಂಟು ಈಗ ತಾನೇ ಹೋಯಿತೆಂದು ಗೊಣಗುತ್ತ ತಲೆ ಎತ್ತಿದರು. ಸುದ್ದಿ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹನಮವ್ವ ಕಿಟಕಿಯಿಂದ ಕೈಚಾಚಿ ಕೂಸನ್ನು ತೆಗೆದುಕೊಂಡಳು. ಅವಳ ಎದೆಗೆ ಅದು ಅದೇ ಬೆಳಿಗ್ಗೆ ಮನೆಯಲ್ಲಿ ಹಾಲು ಕುಡಿದ ಕೂಸು. ಕೂಸಿಗೆ ಮಾತ್ರ ನಾಲ್ಕು ದಿನಗಳಾಗಿದ್ದವು. ಮೊಲೆಗೆ ಬಾಯಿ ತಾಕಿಸಿ ಮುಖ ತಿರುಗಿಸಿತು. ಮತ್ತೆ ಹಚ್ಚಿದರೆ ಮತ್ತೆ ತಿರುಗಿಸಿತು. ಒಳಲೆಯ ಕಡೆ ಕೈಯಾಡಿಸಿ ಚೀರಿತು. ಹನಮವ್ವ ನನ್ನ ಕಡೆ ನೋಡಿದಳು. ತಾನು ಗುಂಡಿ ಒತ್ತಲೇ ಇಲ್ಲವೇ ಎಂದು ತನ್ನ ಬೆರಳನ್ನೇ ಅನುಮಾನದಿಂದ ನೋಡಿಕೊಂಡಳು.

ಕೂಸು ಎದೆಹಾಲಿಗೆ ಮರಳಲು ಒಂಬತ್ತು ದಿನ ಬೇಕಾಯಿತು. ಆ ಒಂಬತ್ತು ದಿನ ನಾನು ಮೋಟಾರುಗಳ ತಂತಿ ಕಿತ್ತಿಟ್ಟು, ಪ್ರೋಗ್ರಾಮನ್ನು ಮೊದಲಿನಿಂದ ಬರೆದೆ. ಇನ್ನು ಮೇಲೆ ಮೌನವೆಂದರೆ ಬೇಡ. ಪ್ರತಿ ಮೇಜಿಗೂ ಹೂಂ ಎನ್ನುವ ಇನ್ನೊಂದು ಗುಂಡಿ; ನಲವತ್ತು ಮಂದಿಯೂ ಅದನ್ನು ಒತ್ತಿದರೆ ಮಾತ್ರ ಮುಚ್ಚುವುದು. ಪ್ರೋಗ್ರಾಂ ಹುಟ್ಟಿದ ಕೂಡಲೇ, ಏನೂ ಯೋಚಿಸದೆ, ಮೊದಲು ಎಲ್ಲ ಕಿಟಕಿಗಳನ್ನೂ ತೆರೆಯುವುದು. ಪ್ರೋಗ್ರಾಮನ್ನೇ ಯಾರಾದರೂ ಮುಚ್ಚಹೊರಟರೆ, ಸುದ್ದಿ ಬಂದ ತಕ್ಷಣ ತಡೆದು, ಶೆಡ್ಡಿನವರನ್ನು ಕೇಳುವುದು. ಸ್ಪೀಕರು, ಗುಂಡಿ ಎಲ್ಲಕ್ಕೂ ಬ್ಯಾಟರಿ. ಉಳಿದದ್ದು ಒಂದೇ: ಕೇಳುವ ವ್ಯವಧಾನವನ್ನೂ ಕೊಡದೆ ತಂತಿ ಕಿತ್ತು ಕೊಂದರೆ? ಅಂಥ ಸಾವಿಗೆ ಸುದ್ದಿ ಬರುವುದಿಲ್ಲ, ಅದಕ್ಕೆ ಪ್ರೋಗ್ರಾಮಿನಲ್ಲಿ ಮದ್ದಿಲ್ಲ. ದಸ್ತಗೀರ ಮಾಸ್ತರರ ಹತ್ತಿರ ಹೇಳಿಕೊಂಡೆ.

"ಅದಕ್ಕ ಸ್ಪ್ರಿಂಗ್ ಹಾಕೂಣ ತಗೋರಿ ಅಕ್ಕಾರ," ಎಂದರು ಮಾಸ್ತರರು. "ಮೋಟಾರ್ ಹಿಡದ್ರಷ್ಟ ಕೆಳಗ ಇರಬೇಕು. ಕೈಬಿಟ್ರ ತಾನಽ ಮ್ಯಾಲ ಹೋಗಬೇಕು. ಕೊಲ್ಲೋರು ಕೊಲ್ಲಲಿ, ಕಿಟಕಿ ತೆರೀತಾವು."

ಹಾಗೆಯೇ ಮಾಡಿದೆವು. ಷಟರುಗಳನ್ನು ಕೆಳಗೆ ಸಿಕ್ಕಿಸಿಡುವ ಕೊಂಡಿಗಳನ್ನೂ ಮಾಸ್ತರರು ಬಿಚ್ಚಿ ಬಾವಿಗೆ ಎಸೆದರು.

ಸಾಹುಕಾರರು ಹತ್ತನೆಯ ದಿನ ಬಂದು ಹಳೆಯದೇ ಇರಲಿ ಎಂದರು. ಆದದ್ದು ಆಕಸ್ಮಿಕ, ಸ್ಪೀಕರನ್ನು ಬ್ಯಾಟರಿಗೆ ಜೋಡಿಸಿದರಾಯಿತು, ನಲವತ್ತು ಜನ ಹೂಂ ಎನ್ನುವವರೆಗೆ ಕಾದರೆ ಶೆಡ್ಡು ಎಂದೂ ಮುಚ್ಚುವುದಿಲ್ಲ. ಅಷ್ಟೇ ಅಲ್ಲ, ತಮ್ಮ ಪರದೆಯ ಮೇಲೆ ಇನ್ನೊಂದು ಗುಂಡಿ ಬೇಕು, ಯಾರೇನೆಂದರೂ ಮುಚ್ಚುವಂಥದು. ಸೋಮವಾರದೊಳಗೆ ಆಗಬೇಕು. ಆಗದಿದ್ದರೆ ನನಗೂ ಮಾಸ್ತರರಿಗೂ ಕೆಲಸವಿಲ್ಲ. ಕೂಸಿದ್ದವರು ಕೂಸು ಬೆಳೆದ ಮೇಲೆ ಬರಲಿ. ಮಾತಿನಲ್ಲಿ ಸಿಟ್ಟಿರಲಿಲ್ಲ. ಹವಾಮಾನದ ವಿಷಯ ಹೇಳಿದಂತಿತ್ತು.

"ಆ ಗುಂಡಿ ನಾ ಬರಿಯೂದಿಲ್ರಿ ಸಾಹುಕಾರ್ರ," ಎಂದೆ.

"ಬರಿಯಾಕ ಬರೂದಿಲ್ಲೋ, ಬರಿಯೂದಿಲ್ಲೋ?"

"ಬರತೈತ್ರಿ. ಎರಡು ಸಾಲಿನ ಕೆಲಸ. ಬರಿಯೂದಿಲ್ಲ."

ಸಾಹುಕಾರರು ಸೋಮವಾರ ತಾವೇ ಬಂದು ಮುಚ್ಚುವುದಾಗಿ ಹೇಳಿ ಹೋದರು.

ಸೋಮವಾರ ಹನ್ನೊಂದಕ್ಕೆ ಕರೆಂಟು ಹೋಯಿತು. ಸಾಹುಕಾರರು ಕಂಪ್ಯೂಟರ್ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಕುಳಿತರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೋಗೆಂದು ಅವರು ಹೇಳಲಿಲ್ಲ. ಮುಚ್ಚುವ ಗುಂಡಿ ಒತ್ತಿದರು. ಶೆಡ್ಡಿನೊಳಗಿಂದ ನನ್ನ ದನಿ ಕೇಳಿಸಿತು: ಮುಚ್ಚಲೇನ್ರಿ? ಪರದೆಯ ಮೇಲೆ ಹೆಸರು ಮೂಡಿತು. 'ಹನಮವ್ವ: ಬೇಡ.' ಅದರ ಕೆಳಗೆ ಮಹಾದೇವಿ, ಫಾತಿಮಾ, ಇನ್ನೊಬ್ಬಳು ಹನಮವ್ವ, ಶಿವಗಂಗಾ. ಹೆಸರು ಕಂಡರೆ ಬೇಡವೆನ್ನುವವರು ಕಡಿಮೆಯಾಗುತ್ತಾರೆಂಬ ಲೆಕ್ಕದಿಂದ ಹಾಕಿಸಿದ್ದ ಪರದೆಯೇ ಅದು. ನಲವತ್ತು ಹೆಸರುಗಳು ಒಂದು ಪುಟದಲ್ಲಿ ಹಿಡಿಸದೆ ಮೇಲೆ ಸರಿದವು. ಮನೆಯಲ್ಲಿ ಕಾಯುವವರಿಲ್ಲದವರೂ ಒತ್ತಿದ್ದರು.

ಕೇಳುವ ಪ್ರೋಗ್ರಾಮೇ ಇಲ್ಲದಿದ್ದರೆ ತಡೆಯುವವರಿಲ್ಲವೆಂದು, ಅದನ್ನೇ ಮುಚ್ಚಲು ಪರದೆಯ ಮೂಲೆಯ × ಗುರುತನ್ನು ಒತ್ತಿದರು. ಮತ್ತೆ ನನ್ನ ದನಿ, ಮತ್ತೆ ನಲವತ್ತು ಹೆಸರು. ಮೂರು ಸಲ ಒತ್ತಿದರು. ಮೂರನೆಯ ಸಲಕ್ಕೆ ಶೆಡ್ಡಿನಲ್ಲಿ ಯಾರೋ ನಕ್ಕರು. ಸಾಹುಕಾರರು ಎದ್ದು ಬ್ಯಾಟರಿಯ ತಂತಿಯನ್ನೇ ಎಳೆದರು. ಪರದೆ ಕಪ್ಪಾಯಿತು. ಅವರು ಹೊರಗೆ ಬಂದು ನೋಡಿದರೆ ಷಟರುಗಳೆಲ್ಲ ಮೇಲೆಯೇ ಇದ್ದವು.

ಅವರು ಹಟ ಬಿಡುವವರಲ್ಲ; ಅದನ್ನು ಒಪ್ಪಬೇಕು. ಕಟಿಂಗ್ ಮೇಜಿನ ಕೆಳಗೆ ಬಿದ್ದಿದ್ದ ನೀಲಿ ಬಟ್ಟೆಯ ಅಂಚುಗಳನ್ನು ಬಾಚಿಕೊಂಡು ಬಂದು, ಮೊದಲ ಷಟರನ್ನು ಕೈಯಿಂದ ಜಗ್ಗಿ ಕೆಳಗಿಳಿಸಿ, ಬಟ್ಟೆಯಿಂದ ಕಿಟಕಿಯ ಕೆಳಗಿನ ಅಡ್ಡಸರಳಿಗೆ ಬಿಗಿದರು. ಸ್ಪ್ರಿಂಗು ಬಲವಾಗಿತ್ತು. ಮಾಸ್ತರರನ್ನು ಕರೆದರು. ಮಾಸ್ತರರು ಬಾವಿಕಟ್ಟೆಯ ಮೇಲೆ ಕುಳಿತು ಬೀಡಿಯ ಕಡೆ ನೋಡುತ್ತಿದ್ದರು. ನೀರಿಗೆ ಬಂದವರು ಕೊಡ ಇಳಿಸಿ ನಿಂತರು. ಸಾಹುಕಾರರು ಒಬ್ಬರೇ ಒಂದೊಂದಾಗಿ ಬಿಗಿಯುತ್ತ ಹೋದರು. ಏಳನೆಯ ಕಿಟಕಿಗೆ ಅಂಗಿ ಬೆನ್ನಿಗೆ ಅಂಟಿತು. ಹತ್ತನೆಯದಕ್ಕೆ ಕೈಯ ಚರ್ಮ ಕಿತ್ತು ಬಂತು. ನಾನು ಹಿಂದೆಯೇ ನಡೆದು ಎಣಿಸುತ್ತಿದ್ದೆ. ಎಣಿಸುವುದು ನನ್ನ ಹಳೆಯ ಚಾಳಿ. ಒಳಗೆ ಕತ್ತಲಾಗುತ್ತಿತ್ತು, ಹೆಂಗಸರು ಎದ್ದು ಉಳಿದ ಬೆಳಕಿನ ಕಡೆ ಸರಿಯುತ್ತಿದ್ದರು.

ಹದಿನೈದು ಮುಗಿದಾಗ ಹನ್ನೆರಡೂವರೆ. ಉಳಿದದ್ದು ಬಾವಿಕಡೆಯದು. ನೀಲವ್ವ ಕೂಸನ್ನು ಒಳಗೆ ಕೊಟ್ಟು, ಖಾಲಿ ಕೈಗಳನ್ನು ಕಿಟಕಿಯ ಕಟ್ಟೆಯ ಮೇಲೆ ಊರಿ ನಿಂತಿದ್ದಳು. ಸಾಹುಕಾರರು ಷಟರಿನ ಅಂಚು ಹಿಡಿದು ಅರ್ಧದವರೆಗೆ ಜಗ್ಗಿದರು. ಅಲ್ಲಿಗೆ ನಿಂತರು. ಅವರೂ ಈ ಊರಿನಲ್ಲೇ ಹುಟ್ಟಿದವರು. ಸುತ್ತಲೂ ಊರಿನವರು ನಿಂತಿದ್ದರು. ಕೊನೆಯ ಕಿಟಕಿ. ಕೇಳಲು ಕಂಪ್ಯೂಟರಿಲ್ಲ, ಅದನ್ನು ಅವರೇ ಕೊಂದು ಬಂದಿದ್ದರು. ಮಾಸ್ತರರೂ ಕೇಳಿಕೊಡುವುದಿಲ್ಲ.

ಅವರು ನನ್ನ ಕಡೆ ತಿರುಗಿದರು. "ಒಳಗಿನವರನ್ನ ನೀ ಕೇಳು ತಂಗಿ," ಎಂದರು.

"ಮುಚ್ಚೋರು ನೀವ್ರಿ," ಎಂದೆ.

ಅರ್ಧ ಇಳಿದ ಷಟರಿನ ಕೆಳಗೆ ಬಗ್ಗಿದರು. ನಾನು ಅವರ ಪಕ್ಕದಲ್ಲೇ ಇದ್ದೆ, ಆದ್ದರಿಂದ ಒಳಗೆ ಅವರಿಗೆ ಏನು ಕಂಡಿತೆಂದು ಗೊತ್ತು. ನಲವತ್ತು ಮುಖಗಳು ಆ ಒಂದು ಕಿಟಕಿಯ ಬೆಳಕಿಗೆ ಬಂದು ನಿಂತಿದ್ದವು. ಎಲ್ಲಕ್ಕಿಂತ ಮುಂದೆ ಹನಮವ್ವ ಸ್ಟೂಲಿನ ಮೇಲೆ ಕುಳಿತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಹತ್ತು ವರ್ಷ ಶೆಡ್ಡು ನಡೆಸಿದ ಸಾಹುಕಾರರು ಆ ಪ್ರಶ್ನೆಯನ್ನು ತಮ್ಮ ಬಾಯಿಂದ ಎಂದೂ ಕೇಳಿರಲಿಲ್ಲ.

"ಮುಚ್ಚಲೇನ್ರಿ?" ಎಂದರು.

ಹನಮವ್ವ ತಲೆ ಎತ್ತಲಿಲ್ಲ. ಕೂಸಿನ ಮುಖಕ್ಕೆ ಬಿದ್ದ ಸೆರಗನ್ನು ಸರಿಸಿದಳು.

"ಬ್ಯಾಡ್ರಿ," ಎಂದಳು.

ಅವಳ ಹಿಂದಿನವಳು ಬ್ಯಾಡ ಎಂದಳು, ಅವಳ ಹಿಂದಿನವಳೂ. ಕೂಗಲಿಲ್ಲ ಯಾರೂ. ಒಬ್ಬೊಬ್ಬರಾಗಿ, ಸರತಿಯಲ್ಲಿ ನಿಂತು ಹೆಸರು ಹೇಳಿದಂತೆ ಹೇಳಿದರು. ಸಾಹುಕಾರರು ನಲವತ್ತೂ ಮುಗಿಯುವವರೆಗೆ ಬಗ್ಗಿಯೇ ಕೇಳಬೇಕಾಯಿತು, ಏಕೆಂದರೆ ಕೇಳಿದವರು ಉತ್ತರ ಮುಗಿಯುವ ಮುನ್ನ ಏಳುವಂತಿಲ್ಲ. ಆಮೇಲೆ ಕೈಬಿಟ್ಟರು. ಷಟರು ಸದ್ದು ಮಾಡುತ್ತ ಮೇಲೆ ಹೋಯಿತು.

ಅವರು ತಲೆಗೆ ಟವೆಲು ಸುತ್ತಿಕೊಂಡು ಮನೆಯ ಕಡೆ ನಾಲ್ಕು ಹೆಜ್ಜೆ ಇಟ್ಟಿರಬಹುದು. ಬಾವಿಕಟ್ಟೆಯಿಂದ ದಸ್ತಗೀರ ಮಾಸ್ತರರು ಕರೆದರು.

"ಸಾಹುಕಾರ್ರ, ಇನ್ನ ಹದಿನೈದು ಅದಾವಲ್ರಿ. ಮುಚ್ಚಿದವ್ರು ಯಾರು?"

ಸಾಹುಕಾರರು ನಿಂತರು. ಅಷ್ಟು ಜನರಲ್ಲಿ ಒಬ್ಬರೂ ಸಹಾಯಕ್ಕೆ ಏಳಲಿಲ್ಲ. ಅವರು ತಿರುಗಿ ಬಂದು ಮೊದಲ ಕಿಟಕಿಯ ಮುಂದೆ ಕುಕ್ಕರಿಸಿ, ತಾವೇ ಬಿಗಿದ ಗಂಟನ್ನು ಉಗುರಿನಿಂದ ಬಿಡಿಸತೊಡಗಿದರು. ಬೆವರಿಗೆ ಬಟ್ಟೆ ಬಿಗಿದುಕೊಂಡಿತ್ತು. ಒಂದು ಗಂಟಿಗೆ ಹಲ್ಲು ಹಚ್ಚಬೇಕಾಯಿತು. ನಾನು ಮತ್ತೆ ಹಿಂದೆ ನಡೆದು ಎಣಿಸಿದೆ. ಹದಿನೈದನೆಯದು ಮೇಲೆ ಹೋಗುವ ಹೊತ್ತಿಗೆ ಹನಮವ್ವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಅದು ಸಣ್ಣಗೆ ತೇಗಿತು.